ಕಾಡಂಚಿನ ಕಳ್ಳ

"ಹೂಂ" ಎಂದಿದ್ದ, ಅಷ್ಟೇ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತವನಿಗೆ ಬೆಳಿಗ್ಗೆ ತಾನು ಆಡಿದ ಆ ಒಂದು ಅಕ್ಷರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ, ಹಾಲು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದ್ದಳು: "ನಾನು ಅಕ್ಕನ ಮನೆಗೆ ಹೋಗ್ತಿದೀನಿ. ಈ ಸಲ ನಾಲ್ಕು ದಿನ ಇದ್ದು ಬರೋಕಲ್ಲ, ಅಲ್ಲೇ ಇರೋಕೆ. ಬಟ್ಟೆ ಕಟ್ಟಿಟ್ಟಾಗಿದೆ. ಸಂಜೆ ನೀವು ಬರೋವರೆಗೂ ಇರ್ತೀನಿ. ಏನಾದ್ರೂ ಹೇಳೋದಿದ್ರೆ ಬಂದು ಹೇಳಿ." ಅವನು ಆಗ ಮಂಚದ ಕೆಳಗೆ ಬಗ್ಗಿ ಇನ್ನೊಂದು ಕಾಲುಚೀಲ ಹುಡುಕುತ್ತಿದ್ದ. ಬಗ್ಗಿದಲ್ಲಿಂದಲೇ ಹೂಂ ಎಂದ. ಕಾಲುಚೀಲ ಸಿಕ್ಕಿತು, ಹಾಕಿಕೊಂಡ, ಡಬ್ಬಿ ತೆಗೆದುಕೊಂಡ, ಹೊರಟ. ಕೆಳಗೆ ಬೀದಿಗೆ ಇಳಿದ ಮೇಲೆ, ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ, ಹೆಂಡತಿ ಏನು ಹೇಳಿದಳೆಂಬುದು ಅವನ ಒಳಗೆ ಇಳಿಯತೊಡಗಿತು. ಯಾವಾಗಲೂ ಹೀಗೇ. ಮಾತು ಬಿದ್ದಾಗ ಅವನು ಮನೆಯಲ್ಲಿರುವುದಿಲ್ಲ. ಮನೆಗೆ ಬರುವ ಹೊತ್ತಿಗೆ ಮಾತು ಆಡಿದವರು ಎದ್ದು ಹೋಗಿರುತ್ತಾರೆ. ಇಳಿದು ವಾಪಸ್ಸು ಹೋಗೋಣವೇ ಎಂದು ಎರಡು ನಿಲ್ದಾಣಗಳವರೆಗೂ ಯೋಚಿಸಿದ. ಹೋಗಿ ಏನು ಹೇಳುವುದು? ಬೇಡ ಎನ್ನುವುದೇ? ಬೇಡ ಎನ್ನಬೇಕಾದರೆ ಏಕೆ ಎಂದೂ ಹೇಳಬೇಕಾಗುತ್ತದೆ. ಸಂಜೆಯವರೆಗೆ ಸಮಯವಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡ, ಆ ಸಮಾಧಾನದ ಬಗ್ಗೆಯೇ ಅವನಿಗೆ ಅಸಹ್ಯವಾಯಿತು.

ಅವನ ಕೆಲಸ ಏಟು ತಿನ್ನುವುದು. ಹಾಗೆಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಸಂಬಳ ಕೊಡ್ತಾರಾ ಎಂದು ಕೇಳುತ್ತಾರೆ. ಕೊಡುತ್ತಾರೆ. ಲಕ್ಷಾಂತರ ಜನ ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಒಂದು ಹೆಸರು ಒಂದು ವೇಷ ತೊಟ್ಟು, ಒಂದೇ ಲೋಕದೊಳಗೆ ಹೊಕ್ಕು ಆಡುವ ಆನ್‌ಲೈನ್ ಆಟ ಅದು. ಅದರಲ್ಲಿ ಆಟಗಾರರಿಂದ ಹೊಡೆಸಿಕೊಳ್ಳುವ ಕಳ್ಳರು, ಕಾವಲಿನವರು, ರಾಕ್ಷಸರು, ಎದ್ದು ಓಡಾಡುವ ಹೆಣಗಳು, ಎಲ್ಲರ ಮೈಯೂ ಅವನದೇ. ಮೈಗಂಟಿದ ಕರಿ ಉಡುಪಿನ ಮೇಲೆ ಬಿಳಿ ಚುಕ್ಕಿಗಳನ್ನು ಅಂಟಿಸಿಕೊಂಡು ದೊಡ್ಡ ಖಾಲಿ ಕೋಣೆಯ ನಡುವೆ ನಿಲ್ಲುತ್ತಾನೆ. ಸುತ್ತ ಗೋಡೆಗಳ ಮೇಲಿಂದ ಕ್ಯಾಮೆರಾಗಳು ಆ ಚುಕ್ಕಿಗಳನ್ನು ಮಾತ್ರ ನೋಡುತ್ತವೆ, ಅವನನ್ನಲ್ಲ. ಕೋಲಿನವನು ಎಂದು ಎಲ್ಲರೂ ಕರೆಯುವ ಗಟ್ಟಿಮುಟ್ಟಾದ ಒಬ್ಬ, ಸ್ಪಂಜು ಸುತ್ತಿದ ಕೋಲಿನಿಂದ ಹೊಡೆಯುತ್ತಾನೆ. ಇವನು ತಿನ್ನುತ್ತಾನೆ. ಭುಜಕ್ಕೆ ಬಿದ್ದದ್ದು, ಹೊಟ್ಟೆಗೆ ಬಿದ್ದದ್ದು, ಬೆನ್ನ ಹಿಂದಿನಿಂದ ಬಿದ್ದದ್ದು, ಬಿದ್ದು ಏಳುವಾಗ ಇನ್ನೊಂದು ಬಿದ್ದದ್ದು. ಎಳೆಯರೆಲ್ಲ ಅವನನ್ನು ಏಟಣ್ಣ ಎನ್ನುತ್ತಾರೆ. ಪ್ರೀತಿಯಿಂದಲೇ ಎನ್ನುತ್ತಾರೆ, ಆದರೂ ಕಾಫಿ ಯಂತ್ರದ ಹತ್ತಿರ ಹೊಸಬರ ಮುಂದೆ ಹಾಗೆ ಕೂಗಿದಾಗ ಅವನ ಕಿವಿ ಬಿಸಿಯಾಗುತ್ತದೆ. ಬಿಸಿಯಾದದ್ದು ಹೊರಗೆ ಯಾರಿಗೂ ಕಾಣಿಸುವುದಿಲ್ಲ ಎಂಬುದೊಂದು ಅನುಕೂಲ.

ಕಾಳಗದ ವಿಭಾಗಕ್ಕೆ ಮುಖ್ಯಸ್ಥೆಯಾಗಿರುವವಳು ಅವನಿಗಿಂತ ಎಷ್ಟೋ ಚಿಕ್ಕವಳು, ಸದಾ ಪೆನ್ನಿನ ಮುಚ್ಚಳ ಕಚ್ಚುವವಳು. ಕೆಲಸಕ್ಕೆ ಸೇರಿದ ದಿನ ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು. "ಎಲ್ಲರೂ ಕತ್ತಿ ನೋಡ್ತಾರೆ ಅಣ್ಣ, ಕಿಡಿ ನೋಡ್ತಾರೆ. ಹೊಡೆದ ಖುಷಿ ಇರೋದು ಅದ್ರಲ್ಲಲ್ಲ. ಕತ್ತಿ ಬಿದ್ದ ಕ್ಷಣ ಇಬ್ಬರ ಮೈಯೂ ಒಂದು ಚೂರು ನಿಲ್ಬೇಕು. ಕಣ್ಣಿಗೆ ಕಾಣಬಾರದು, ಕೈಗೆ ಗೊತ್ತಾಗ್ಬೇಕು. ಆಮೇಲೆ ಸದ್ದು. ಆಮೇಲೆ, ತಿಂದವನು ತಿಂದೆ ಅಂತ ಒಪ್ಕೋಬೇಕು. ಅವನು ಒಪ್ಕೊಳ್ಲಿಲ್ಲ ಅಂದ್ರೆ ಹೊಡೆದೋನಿಗೆ ತಾನು ಅಲ್ಲಿ ಇದೀನೋ ಇಲ್ವೋ ಅಂತ್ಲೇ ಅನುಮಾನ ಬರುತ್ತೆ." ಅವನಿಗೆ ಆ ಮಾತು ಬಹಳ ಹಿಡಿಸಿತ್ತು. ಮನೆಗೆ ಹೋಗಿ ಊಟದ ಹೊತ್ತಿನಲ್ಲಿ ಹೆಂಡತಿಗೂ ಹೇಳಿದ್ದ, ಅಪರೂಪಕ್ಕೆ ಉತ್ಸಾಹದಿಂದ, ಕೈ ಆಡಿಸಿ. ಅವಳು ತುತ್ತು ಹಿಡಿದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿ ಪೂರ್ತಿ ಕೇಳಿದಳು. "ಅವರಿಗೆ ಗೊತ್ತಿದೆ ನೋಡಿ," ಎಂದಳು. ಯಾರಿಗೆ, ಏನು ಗೊತ್ತಿದೆ ಎಂದು ಅವನು ಕೇಳಲಿಲ್ಲ. ಇನ್ನೊಂದು ರಾತ್ರಿ ಊಟದ ಮೇಜಿನ ಮುಂದೆ ಅವಳು, "ನಿಮ್ಮ ಜೊತೆ ಇದ್ರೂ ನನಗೆ ಒಬ್ಬಳೇ ಇದ್ದ ಹಾಗೆ ಅನ್ನಿಸುತ್ತೆ," ಎಂದಿದ್ದಳು. ಅವನು ಉಪ್ಪು ಕೊಡು ಎಂದಿದ್ದ. ಕೇಳಿಸಲಿಲ್ಲವೆಂದಲ್ಲ. ಕೇಳಿಸಿತ್ತು, ಎದೆಯೊಳಗೆ ಎಲ್ಲೋ ಏನೋ ಕುಸಿದಿತ್ತು ಕೂಡ. ಬಾಯಿಗೆ ಬಂದದ್ದು ಉಪ್ಪು. ಅವಳು ಉಪ್ಪನ್ನು ಸರಿಸಿ ಕೊಟ್ಟಳು.

ಇವತ್ತು ಜೌಗಿನಲ್ಲಿ ವಾಸಿಸುವ ಹೊಸ ರಾಕ್ಷಸನ ಸರದಿ. ದೊಡ್ಡ ಮೈ, ನಿಧಾನ ನಡೆ, ಏಟು ಬಿದ್ದರೆ ಮೊದಲು ಅರ್ಥವಾಗದವನ ಹಾಗೆ ನಿಂತು ಆಮೇಲೆ ಓಲಾಡಬೇಕು ಎಂದು ಮುಖ್ಯಸ್ಥೆ ವಿವರಿಸಿದಳು. ಇದು ತನಗೆ ಹೇಳಿ ಮಾಡಿಸಿದ ಪಾತ್ರ ಎಂದುಕೊಂಡ. ಆದರೆ ಬೆಳಗಿನಿಂದ ಒಂದೂ ಸರಿಬರಲಿಲ್ಲ. ಕೋಲಿನವನು ತೋಳೆತ್ತಿದ್ದೇ ತಡ, ಇವನ ಮೈ ಆಗಲೇ ಹಿಂದಕ್ಕೆ ಸರಿದಿರುತ್ತಿತ್ತು. ಗಾಜಿನ ಆಚೆಯಿಂದ ಮುಖ್ಯಸ್ಥೆಯ ದನಿ: "ಅಣ್ಣ, ಮುಂಚೇನೇ ಹೋಗ್ತಿದೀರಾ. ಏಟು ಬೀಳ್ಲಿ, ಆಮೇಲೆ." ಮತ್ತೆ ನಿಂತ. ಮತ್ತೆ ಅದೇ. ಏಟು ತಿನ್ನುವವನಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಮುಂಚೆಯೇ ಬೀಳುವವನು ಹೊಡೆದವನ ಕೈಯಿಂದ ಏಟನ್ನು ಕದ್ದ ಹಾಗೆ. ಸೇರಿದ ಹೊಸದರಲ್ಲೂ ಅವನು ಹೀಗೆ ಮಾಡಿರಲಿಲ್ಲ. ಕೋಲಿನವನು ಬೆವರೊರೆಸಿಕೊಂಡು, "ನನ್ನ ಕಂಡ್ರೆ ಅಷ್ಟು ಭಯಾನಾ?" ಎಂದು ತಮಾಷೆ ಮಾಡಿದ. ಅವನೂ ಹಲ್ಲು ಕಿರಿದ. ತಲೆಯೊಳಗೆ ಹೆಂಡತಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತೇ ಇದ್ದಳು, ಒದ್ದೆ ಕೈಯ ಸಮೇತ. ಅವಳ ಬೆರಳುಗಳ ತುದಿ ನೀರಿನಿಂದ ಸುಕ್ಕುಗಟ್ಟಿದ್ದನ್ನು ಮಂಚದ ಕೆಳಗಿನಿಂದ ಎದ್ದಾಗ ಅವನು ನೋಡಿದ್ದ. ಅಷ್ಟು ನೋಡಿದವನಿಗೆ ಮುಖ ನೋಡಲು ಏನಾಗಿತ್ತು?

ಈ ಕೋಲಿನವನೇ ಒಮ್ಮೆ ಅವನ ಎಡ ಭುಜದ ಮೂಳೆಗೆ ನಿಜವಾಗಿ ಹೊಡೆದುಬಿಟ್ಟಿದ್ದ. ಸ್ಪಂಜು ಜಾರಿತ್ತು, ಯಾರೂ ಗಮನಿಸಿರಲಿಲ್ಲ. ಅವತ್ತು ಅವರು ಮಾಡುತ್ತಿದ್ದದ್ದು ಆಟದ ಮೊಟ್ಟಮೊದಲ ಊರಿನ ಆಚೆ, ಕಾಡು ಶುರುವಾಗುವಲ್ಲಿ ಅಡ್ಡಗಟ್ಟುವ ಮೂವರು ಕಳ್ಳರನ್ನು. ಹೊಸದಾಗಿ ಆಟಕ್ಕೆ ಬಂದವರು ಕೋಲು ಹಿಡಿಯುವುದನ್ನು ಕಲಿಯಲೆಂದು ಇಟ್ಟ ಬಡಪಾಯಿಗಳು. ಒಂದೆರಡು ದಿನದಲ್ಲಿ ಎಲ್ಲರೂ ಅವರನ್ನು ದಾಟಿ ಮುಂದೆ ಹೋಗುತ್ತಾರೆ. ಮೂಳೆಗೆ ಕೋಲು ಬಿದ್ದಾಗ ಅವನ ಎಡ ಭುಜ ಕುಸಿದು, ಮೊಣಕಾಲು ಒಳಕ್ಕೆ ಮಡಿಚಿ, ಬಾಯಿಯಿಂದ "ಅಯ್ಯೋ ಅಮ್ಮಾ" ಎಂದು ಸಣ್ಣ ಹುಡುಗನ ದನಿ ಬಂದಿತ್ತು. ಅದು ತನ್ನದೇ ದನಿಯೆಂದು ನಂಬಲು ಅವನಿಗೆ ಕಷ್ಟವಾಯಿತು. ಎಲ್ಲರೂ ಓಡಿ ಬಂದರು, ಮಂಜುಗಡ್ಡೆ ತಂದರು, ಆಸ್ಪತ್ರೆಗೆ ಕರೆದೊಯ್ದರು. ಆಮೇಲೆ ಮುಖ್ಯಸ್ಥೆ ಹಿಂಜರಿಯುತ್ತ, ಅದನ್ನ ಇಟ್ಕೊಳ್ಲಾ ಅಣ್ಣ, ಬೇಜಾರಿಲ್ವಾ, ಇಷ್ಟು ಚೆನ್ನಾಗಿ ಯಾವತ್ತೂ ಬಂದಿಲ್ಲ ಎಂದಳು. ಇಟ್ಟುಕೊಂಡರು. ಮೂವರಲ್ಲಿ ನಡುವಿನ ಕಳ್ಳನಿಗೆ ಆ ನೋವು, ಆ ದನಿ ಸಿಕ್ಕಿತು. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ಗಾಬರಿಯಾಗಿ, "ಏನಾಯ್ತು? ನೋವಿದೆಯಾ?" ಎಂದು ಕೇಳಿದ್ದಳು. "ಏನಿಲ್ಲ," ಎಂದಿದ್ದ. ಅವಳು ಹತ್ತಿರ ಬಂದು ಪಟ್ಟಿಯ ಅಂಚನ್ನು ಮುಟ್ಟಿದಳು. "ಏನಿಲ್ಲ ಅಂದ್ನಲ್ಲ," ಎಂದು ಇನ್ನೊಮ್ಮೆ ಹೇಳಿದ್ದ, ಸ್ವಲ್ಪ ಗಟ್ಟಿಯಾಗಿಯೇ.

ಹೋದ ವಾರದ ಅಪ್‌ಡೇಟಿನಲ್ಲಿ ಆ ಕಳ್ಳನಿಂದ ನೋವನ್ನು ತೆಗೆದುಹಾಕಿದ್ದರು. ಬಹಳ ದೂರ ಆಡಿ ಬಲಿತ ಆಟಗಾರರು ದಾರಿಯಲ್ಲಿ ಸಿಗುವ ಪುಡಿ ಕಳ್ಳರು ಪ್ರತಿ ಏಟಿಗೂ ನರಳುತ್ತ ಕೂತರೆ ಹೊತ್ತು ಹಾಳು ಎಂದು ದೂರಿದ್ದರು. ಇನ್ನು ಮೇಲೆ ಅಂಥವರ ಏಟಿಗೆ ಕಳ್ಳ ಸುಮ್ಮನೆ ನಿಂತಲ್ಲೇ ಇದ್ದು, ಪ್ರಾಣ ಮುಗಿದಾಗ ನೆಲಕ್ಕೆ ಬೀಳುತ್ತಾನೆ. ನಿಮಗೆ ಪರವಾಗಿಲ್ವಾ ಎಂದು ಮುಖ್ಯಸ್ಥೆ ಮರ್ಯಾದೆಗೆ ಅವನನ್ನೂ ಕೇಳಿದ್ದಳು. ಅದಕ್ಕೂ ಅವನು ಹೂಂ ಎಂದಿದ್ದ.

ಊಟದ ಹೊತ್ತಿಗೆ ಸರ್ವರ್ ನೋಡಿಕೊಳ್ಳುವವನು ಎಲ್ಲರನ್ನೂ ಕೂಗಿ ಕರೆದ. ಆಟದೊಳಗೆ ಯಾರು ಎಲ್ಲಿ ಏನು ಮಾಡುತ್ತಿದ್ದಾರೆಂದು ನೋಡುತ್ತ ಕೂರುವುದು ಅವನ ಕೆಲಸ, ಊರ ಉಸಾಬರಿಯೆಲ್ಲ ಅವನಿಗೇ ಬೇಕು. "ಬನ್ನಿ ಬನ್ನಿ, ನಮ್ಮ ಹುಚ್ಚು ಗಿರಾಕಿ ವಾಪಸ್ ಬಂದಿದಾರೆ!" ಗೋಡೆಯ ದೊಡ್ಡ ಪರದೆಯ ಮೇಲೆ ಕಾಡಂಚು ಮೂಡಿತು. ಡಬ್ಬಿ ಹಿಡಿದುಕೊಂಡೇ ಐದಾರು ಜನ ಸುತ್ತ ನೆರೆದರು. ಅವನೂ ಹಿಂದೆ ನಿಂತ. "ನೋಡಿ, ಈ ಆಸಾಮಿ ತಿಂಗಳುಗಟ್ಟಲೆ ಬಂದು ಈ ಕಳ್ಳನ್ನೇ ಹೊಡೆದಿದಾರೆ. ಮೂರು ಜನ ಇದಾರೆ, ಉಳಿದಿಬ್ಬರನ್ನ ಮುಟ್ಟೋದೇ ಇಲ್ಲ. ನಡುವಿನೋನು ಮಾತ್ರ. ಹೊಡೆದು ಹೊಡೆದು ಬಲ ಎಷ್ಟು ಬೆಳೆದಿದೆ ಅಂದ್ರೆ ಡ್ರ್ಯಾಗನ್ ಹೊಡೀಬಹುದು. ಹೋಗಲ್ಲ. ಕತ್ತಿನೂ ತಗೊಂಡಿಲ್ಲ, ಮೊದಲ ದಿನ ಪುಕ್ಕಟೆ ಕೊಟ್ಟ ಮರದ ಕೋಲೇ." ಯಾರೋ, ಹೆಸರು ನೋಡ್ರೋ ಎಂದರು. ಆಟಗಾರರ ತಲೆಯ ಮೇಲೆ ಅವರು ಇಟ್ಟುಕೊಂಡ ಹೆಸರು ತೇಲುತ್ತಿರುತ್ತದೆ. ಕಂದು ಅಂಗಿಯ ಸಣ್ಣ ಹೆಂಗಸೊಬ್ಬಳು ಕಳ್ಳನ ಎದುರು ನಿಂತಿದ್ದಳು. ಅವಳ ತಲೆಯ ಮೇಲೆ ಹಳದಿ ಅಕ್ಷರದಲ್ಲಿ ತೇಲುತ್ತಿದ್ದದ್ದು: ರೀ.

"ಯಾರನ್ನ ಕರೀತಿದಾರೋ ಪಾಪ!" ಎಂದು ಕೋಲಿನವನು ಅಂದ, ಎಲ್ಲರೂ ನಕ್ಕರು. ಗಂಡನನ್ನು ರೀ ಎಂದು ಕರೆಯುವ ಹೆಂಗಸರು ಲೋಕದಲ್ಲಿ ಎಷ್ಟಿಲ್ಲ. ಅವನು ತನಗೆ ತಾನೇ ಹಾಗೆಂದುಕೊಂಡ. ಆದರೆ ಅಷ್ಟರಲ್ಲಿ ಅವನಿಗೆ ಹೆಂಡತಿಯ ದನಿ ಕೇಳಿಸಿಬಿಟ್ಟಿತ್ತು. ಅವಳು ಕೋಣೆಯಿಂದ ಕೋಣೆಗೆ ಆ ಒಂದು ಅಕ್ಷರವನ್ನು ಕಳಿಸುತ್ತಿದ್ದ ರೀತಿ ಅವನಿಗೆ ಗೊತ್ತು. ಮೊದಲು ಸಾದಾ ರೀ. ಆಮೇಲೆ ಕೊನೆಯನ್ನು ಎಳೆದ ರೀ. ಆಮೇಲೆ, ಕೇಳಿಸ್ತಿದೆಯಾ ಇಲ್ವಾ ಎನ್ನುವ ಪ್ರಶ್ನೆಯನ್ನೂ ಒಳಗಿಟ್ಟುಕೊಂಡ, ಉತ್ತರದ ಆಸೆ ಬಿಟ್ಟ ರೀ. ಆಟ ಹೇಗೆ ಓಡುತ್ತಿದೆ ಎಂದು ನೋಡಲು ಅವನೇ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿದ್ದ. ನಾನೂ ಆಡ್ಲಾ ಎಂದು ಅವಳು ಕೇಳಿದ್ದಳು. ಆಡು ಎಂದು ಹೇಳಿ ಮರೆತಿದ್ದ. ಬೆಳಗಿನ ಹೊತ್ತು ಶಾಲೆಯೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿ ಮಧ್ಯಾಹ್ನ ಮನೆಗೆ ಬಂದುಬಿಡುವವಳು ಸಂಜೆಯವರೆಗೆ ಏನು ಮಾಡುತ್ತಾಳೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ನೋಡುತ್ತಿದ್ದ. ಕಟ್ಟಿಟ್ಟ ಚೀಲಗಳ ನಡುವೆ ಕುಳಿತು ಅವಳು ಕೋಲೆತ್ತಿದಳು, ಹೊಡೆದಳು. ಕಳ್ಳ ಅಲುಗಾಡಲಿಲ್ಲ. ಇನ್ನೊಂದು. ಕಳ್ಳ ಅವಳ ಆಚೆ ಎಲ್ಲೋ ನೋಡುತ್ತ ನಿಂತಿದ್ದ. ಮೂರನೆಯದಕ್ಕೆ ಸದ್ದಿಲ್ಲದೆ ಬಿದ್ದ. ಅವಳು ಕಾದಳು. ಸ್ವಲ್ಪ ಹೊತ್ತಿಗೆ ಕಳ್ಳ ಮತ್ತೆ ಅದೇ ಜಾಗದಲ್ಲಿ ಹುಟ್ಟಿ ನಿಂತ. ಅವಳು ತಕ್ಷಣ ಹೊಡೆಯಲಿಲ್ಲ. ಹತ್ತಿರ ಹೋದಳು, ಸುತ್ತ ಒಂದು ಸುತ್ತು ಬಂದಳು, ಎಡಗಡೆ, ಭುಜದ ಪಕ್ಕ ನಿಂತಳು. "ನೋಡ್ತಿದಾರೆ, ನೋಡ್ತಿದಾರೆ, ಸತ್ತೋಗಿದಾನಾ ಅಂತ!" ಎಂದು ಯಾರೋ ಬಾಯಲ್ಲಿ ತುತ್ತಿಟ್ಟುಕೊಂಡೇ ಅಂದರು.

ನಿಲ್ಲಿಸಿ, ಅದು ನನ್ನ ಹೆಂಡತಿ. ಹೇಳಬೇಕಾದದ್ದು ಇಷ್ಟೇ. ಹೇಳಿದರೆ ನಗು ನಿಲ್ಲುತ್ತದೆ. ಎಲ್ಲರೂ ತಿರುಗಿ ಅವನನ್ನು ನೋಡುತ್ತಾರೆ, ಅವನ ಮನೆಯೊಳಗೆ ನೋಡುತ್ತಾರೆ, ಏಟಣ್ಣನ ಹೆಂಡತಿ ಏಟಣ್ಣನನ್ನು ಹೊಡೆಯಲು ತಿಂಗಳುಗಟ್ಟಲೆ ಕಾಡಿಗೆ ಬರುತ್ತಾಳೆ ಎಂಬುದು ಕಾಫಿ ಯಂತ್ರದ ಹತ್ತಿರ ಶಾಶ್ವತವಾಗಿ ನಿಂತುಬಿಡುತ್ತದೆ. ತನಗೆ ನಾಚಿಕೆ ಯಾರ ಬಗ್ಗೆ, ಅವಳ ಬಗ್ಗೆಯೋ ತನ್ನ ಬಗ್ಗೆಯೋ ಎಂದು ಅವನು ಲೆಕ್ಕ ಹಾಕುತ್ತ ನಿಂತಿದ್ದಾಗ ಸರ್ವರ್‌ನವನು ಕುರ್ಚಿ ತಿರುಗಿಸಿದ. "ಏಟಣ್ಣ, ಬನ್ನಿ. ಕಳ್ಳನ್ನ ನಾನು ಇಲ್ಲಿಂದ ಕೈಗೆ ತಗೊಳ್ತೀನಿ, ನೀವೇ ಆಡ್ಸಿ. ನಿಮ್ಮದೇ ಮೈ ಅಲ್ವಾ? ಹಳೇ ಅಯ್ಯೋ ಇನ್ನೂ ಒಳಗಿದೆ, ಈ ಗುಂಡಿ ಒತ್ತಿದ್ರೆ ಬರುತ್ತೆ." ಹಿಂದಿನಿಂದ ಯಾರೋ ಅವನ ಬೆನ್ನು ತಳ್ಳಿದರು. ಅವನು ಕುಳಿತ. ಬೇಡವೆನ್ನಲಿಲ್ಲ. ಆ ಗುಂಡಿಯ ಮೇಲೆ ಬೆರಳಿಟ್ಟಾಗ ಅವನೊಳಗೆ ಹುಚ್ಚು ಸಂತೋಷವೊಂದು ಎದ್ದದ್ದು ನಿಜ: ಹೊಡೆಯಲಿ, ಈಗ ಹೊಡೆಯಲಿ, ಈ ಒಂದು ಸಲ ತಾಗಿತು ಎಂದು ಅವಳಿಗೆ ತಿಳಿಸಿಬಿಡುತ್ತೇನೆ, ಬಾಯಿ ಬಿಡುವ ಅಗತ್ಯವೇ ಇಲ್ಲ. ಪರದೆಯ ಮೇಲೆ ಅವಳು ಎರಡು ಹೆಜ್ಜೆ ಹಿಂದೆ ಹೋಗಿ ಎದುರಿಗೆ ಬಂದು ನಿಂತಳು. ಅವಳ ಭುಜ ಒಂದಿಷ್ಟು ಎದ್ದಿತು. ಅವನ ಬೆರಳು ಆಗಲೇ ಒತ್ತಿಬಿಟ್ಟಿತ್ತು.

"ಅಯ್ಯೋ ಅಮ್ಮಾ!" ಎಂದು ಕಳ್ಳ ಎಡ ಭುಜ ಕುಸಿದು, ಮೊಣಕಾಲು ಮಡಿಚಿ, ಹಿಂದಕ್ಕೆ ಸರಿದ. ಕೋಲು ಇನ್ನೂ ಗಾಳಿಯಲ್ಲಿತ್ತು. ಕೋಣೆ ನಗುವಿನಿಂದ ಸಿಡಿಯಿತು. "ಹೊಡೆಯೋಕ್ ಮುಂಚೇನೇ! ಅಣ್ಣ, ಇವತ್ತು ನಿಮಗೆ ಏನೋ ಆಗಿದೆ!" ಮುಖ್ಯಸ್ಥೆಯೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಪರದೆಯ ಮೇಲೆ ಕೋಲು ಕೆಳಗೆ ಬರಲಿಲ್ಲ. ಕಂದು ಅಂಗಿಯ ಹೆಂಗಸು ಎತ್ತಿದ ಕೋಲನ್ನು ನಿಧಾನವಾಗಿ ಇಳಿಸಿದಳು. ಕಳ್ಳನನ್ನೇ ನೋಡುತ್ತ ನಿಂತಳು. ಆಮೇಲೆ ಅವಳು ನಿಂತಿದ್ದಲ್ಲಿ ಹುಲ್ಲು ಮಾತ್ರ ಇತ್ತು, ಹಳದಿ ಅಕ್ಷರವೂ ಇರಲಿಲ್ಲ. "ಹೋದ್ರು. ಹೆದರಿಸಿ ಓಡಿಸಿಬಿಟ್ರಿ," ಎಂದು ಸರ್ವರ್‌ನವನು ಕುರ್ಚಿಯನ್ನು ವಾಪಸ್ಸು ಕೇಳಿದ. ಅವನು ಎದ್ದು ಕೊಟ್ಟ. ಅವನ ಡಬ್ಬಿಯಲ್ಲಿ ಊಟ ಹಾಗೇ ಇತ್ತು. ಯಾವತ್ತಿನಂತೆ ಅವಳೇ ಕಟ್ಟಿದ್ದು. ಹೋಗುವ ದಿನವೂ ಕಟ್ಟಿದ್ದಳಲ್ಲ ಎನ್ನುವುದು ಈಗ ಹೊಳೆದು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಹರಿಯುವುದನ್ನು ನೋಡುತ್ತ ನಿಂತ. ಕನ್ನಡಿಯಲ್ಲಿ ಕರಿ ಉಡುಪಿನ ಮೇಲೆ ಬಿಳಿ ಚುಕ್ಕಿಗಳಿದ್ದ ಒಬ್ಬ ನಡುವಯಸ್ಸಿನವನಿದ್ದ. ಅವನ ಮುಖದಲ್ಲಿ ಒಂದು ಚುಕ್ಕಿಯೂ ಇರಲಿಲ್ಲ, ಏನೂ ಆಗಿರಲೂ ಇಲ್ಲ. ಇಷ್ಟೆಲ್ಲ ಒಳಗೆ ನಡೆಯುತ್ತಿರುವಾಗ ಈ ಮುಖ ಹೀಗೆ ಹೇಗಿರಲು ಸಾಧ್ಯ ಎಂದು ಅವನಿಗೆ ಮೊದಲ ಸಲ ಆಶ್ಚರ್ಯವಾಯಿತು. ಇದನ್ನು ಎದುರಿಗಿಟ್ಟುಕೊಂಡು ಅವಳು ದಿನವೂ ಊಟ ಮಾಡಿದ್ದಳು.

ಮಧ್ಯಾಹ್ನದ ನಂತರ ಎಲ್ಲವೂ ಸರಿಯಾಗತೊಡಗಿತು, ಅದೇ ಕೆಟ್ಟದ್ದು. ಕೋಲು ಬಿದ್ದಾಗ ಬಿದ್ದಂತೆ ತಿಂದ, ನಿಂತ, ಓಲಾಡಿದ. ರಾಕ್ಷಸ ಜೌಗಿನಿಂದ ಎದ್ದು ಬಂದು ಕೋಣೆಯಲ್ಲಿ ನಿಂತ ಹಾಗೆ ಇತ್ತಂತೆ. "ಇದು ಅಣ್ಣ, ಇದು! ಊಟಕ್ಕೆ ಏನ್ ತಿಂದ್ರಿ?" ಎಂದು ಮುಖ್ಯಸ್ಥೆ ಗಾಜು ತಟ್ಟಿದಳು. ಚೆನ್ನಾಗಿ ಬರುತ್ತಿರುವಾಗ ಬಿಡುವುದು ಬೇಡವೆಂದು ಇನ್ನೂ ಒಂದಷ್ಟು, ಇನ್ನೂ ಒಂದಷ್ಟು ಎಂದು ಹೊತ್ತು ಎಳೆದರು. ಮನೆಗೆ ಬೇಗ ಹೋಗಬೇಕಿತ್ತು ಎಂದು ಒಂದು ಮಾತು ಅಂದಿದ್ದರೆ ಮುಖ್ಯಸ್ಥೆ ಖಂಡಿತ ಬಿಡುತ್ತಿದ್ದಳು, ಒಳ್ಳೆಯವಳು. ಅವನು ಗೋಡೆಯ ಗಡಿಯಾರ ನೋಡಿದ, ಏಟು ತಿಂದ. ಮತ್ತೆ ನೋಡಿದ, ಮತ್ತೆ ತಿಂದ. ಬಸ್ಸಿನಲ್ಲಿ ನಿಂತು ಬರುವಾಗ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ: ಹೋಗಬೇಡ, ನೀನು ಹೊಡೆಯುತ್ತಿದ್ದದ್ದು ನನಗೆ ತಾಗಿದೆ, ಎಲ್ಲವೂ ತಾಗಿದೆ, ಉಪ್ಪು ಕೇಳಿದ ದಿನವೂ ತಾಗಿತ್ತು. ತುಟಿ ಅಲುಗುತ್ತಿತ್ತೇನೋ, ಪಕ್ಕದ ಹೆಂಗಸು ಸ್ವಲ್ಪ ಸರಿದು ನಿಂತಳು.

ಹೆಂಡತಿ ಇನ್ನೂ ಇದ್ದಳು. ಚಪ್ಪಲಿ ಹಾಕಿಕೊಂಡೇ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು, ಎರಡು ಚೀಲ ಕಾಲ ಬಳಿ. ಕಂಪ್ಯೂಟರಿಗೆ ಬಟ್ಟೆ ಮುಚ್ಚಿತ್ತು. "ತಡ ಆಯ್ತು," ಎಂದ.

"ಗೊತ್ತು. ಇರ್ತೀನಿ ಅಂದಿದ್ನಲ್ಲ, ಇದ್ದೆ," ಎಂದಳು. ಅವನು ನಿಂತೇ ಇದ್ದ. ಬಸ್ಸಿನಲ್ಲಿ ಜೋಡಿಸಿದ ಮಾತಿನ ಮೊದಲ ಪದ ಎಲ್ಲಿದೆಯೆಂದು ಹುಡುಕುತ್ತಿದ್ದ. ಅವಳೇ ಮುಂದುವರಿಸಿದಳು, ಅವನಿಗಲ್ಲದೆ ಚೀಲಕ್ಕೆ ಹೇಳುವ ಹಾಗೆ. "ನಿಮಗೆ ನಗು ಬರಬಹುದು. ನಾನು ನಿಮ್ಮ ಆಟ ಆಡ್ತಿದ್ದೆ. ಕಾಡಿನ ಹತ್ರ ಒಬ್ಬ ಕಳ್ಳ ಇದಾನಲ್ಲ, ಅವನು ನೀವು ಅಂತ ನೋಡಿದ ತಕ್ಷಣ ಗೊತ್ತಾಯ್ತು. ಆ ಭುಜ. ಅವತ್ತು ನನಗೆ ಏನಿಲ್ಲ ಅಂದಿದ್ರಲ್ಲ, ಅದನ್ನೆಲ್ಲ ಅವನು ಹೇಳ್ತಿದ್ದ. ನನಗೆ ನಿಮ್ಮನ್ನ ಹೊಡೀಬೇಕು ಅಂತ ಇರ್ಲಿಲ್ಲ, ದೇವರಾಣೆ. ಅಯ್ಯೋ ಅಂತಾನಲ್ಲ, ಅಷ್ಟು ಕೇಳೋಕೆ ಹೋಗ್ತಿದ್ದೆ. ಹೋದ ವಾರದಿಂದ ಅವನೂ ನಿಮ್ಮ ಹಾಗೇ ಆಗ್ಬಿಟ್ಟ." ಚೀಲದ ಹಿಡಿಯನ್ನು ಸರಿಮಾಡಿದಳು. "ಇವತ್ತು ಕೊನೇ ಸಲ ಅಂತ ಹೋದೆ. ಕೈ ಎತ್ತಿದ್ದಷ್ಟೇ, ಹೊಡೆದೂ ಇರ್ಲಿಲ್ಲ, ಅಯ್ಯೋ ಅಂತ ಮುದುಡಿಕೊಂಡ. ನನ್ನ ಕಂಡ್ರೇ ಹೆದರಿಕೊಂಡ ಹಾಗೆ. ನನ್ನ ಬಗ್ಗೆ ನನಗೇ ಛೀ ಅನ್ನಿಸ್ತು. ಇಷ್ಟು ದಿನ ಏನು ಮಾಡ್ತಿದ್ದೆ ನಾನು?"

"ಅದು ನಾನು," ಎಂದ ಅವನು.

"ನೀವೇ ಅಂತ ಗೊತ್ತಲ್ಲ."

"ಹಾಗಲ್ಲ. ಇವತ್ತು. ಮಧ್ಯಾಹ್ನ. ಅಲ್ಲಿ ಕೂತು ಗುಂಡಿ ಒತ್ತಿದ್ದು ನಾನು. ನಿನಗೆ ಗೊತ್ತಾಗ್ಲಿ ಅಂತ ಒತ್ತಿದೆ. ಮುಂಚೆ ಒತ್ತಿಬಿಟ್ಟೆ." ಇದು ಅವನು ಬಹಳ ಕಾಲದಲ್ಲಿ ಅವಳಿಗೆ ಹೇಳಿದ ಅತ್ಯಂತ ಉದ್ದದ ಮಾತಾಗಿತ್ತು. ಅವಳ ಮುಖದಲ್ಲಿ ಏನೋ ಬೆಳಗಿತು, ಅದನ್ನು ಅವನು ಸ್ಪಷ್ಟವಾಗಿ ಕಂಡ. ಅವಳು ಎದ್ದು ನಿಂತಳು. ಇನ್ನೊಂದು ಹೆಜ್ಜೆ ಅವಳು ಬಂದಿದ್ದರೆ ಅವನು ಕೈ ಚಾಚುತ್ತಿದ್ದ. ಆದರೆ ಅವಳು ಬುದ್ಧಿವಂತೆ, ಯೋಚನೆ ಹೆಜ್ಜೆಗಿಂತ ಮುಂದೆ ಓಡುತ್ತದೆ. ನಿಂತಲ್ಲೇ ಅವಳ ಮುಖ ಸಪ್ಪಗಾಯಿತು.

"ಹಾಗಾದ್ರೆ ಅಲ್ಲಿ ನಾನು ಕಾಣಿಸ್ತಿದ್ನಾ? ಎಲ್ಲರೂ ನೋಡ್ತಿದ್ರಾ?"

"ಐದಾರು ಜನ ಇದ್ರು."

"ನಕ್ರಾ?"

ಸುಳ್ಳು ಹೇಳಬಹುದಿತ್ತು. "ನಕ್ರು," ಎಂದ.

"ನೀವು?"

"ನಾನು ನಗ್ಲಿಲ್ಲ."

"ನನ್ನ ಹೆಂಡತಿ ಅಂದ್ರಾ?"

ಅಷ್ಟು ಸಣ್ಣ ದನಿಯಲ್ಲಿ ಅವಳು ಯಾವತ್ತೂ ಏನನ್ನೂ ಕೇಳಿರಲಿಲ್ಲ. ಅದು ನೇರ ಬಂದು ಬಿತ್ತು, ಮನೆಯಲ್ಲಿ ಅವನಿದ್ದಾಗಲೇ ಬಿತ್ತು. ಎಡ ಭುಜ ತಾನಾಗಿ ಕುಸಿಯಲು ಹೊರಟದ್ದು ಅವನಿಗೆ ಗೊತ್ತಾಯಿತು, ಮೊಣಕಾಲಿನಲ್ಲಿ ಆ ಹಳೆಯ ಮಡಿಚು ಶುರುವಾದದ್ದೂ. ಛೆ, ಇದು ಅಲ್ಲಿಯದು, ಸಂಬಳಕ್ಕೆ ಮಾಡುವುದು, ಇವಳ ಮುಂದೆ ಇದನ್ನು ಮಾಡಿದರೆ ನಟನೆಯಾಗುತ್ತದೆ ಎಂದು ಅವನು ಮೈಯನ್ನು ಬಿಗಿಹಿಡಿದ. ಪ್ರಾಮಾಣಿಕವಾಗಿರಬೇಕೆಂದೇ ಬಿಗಿಹಿಡಿದ. ಅವಳು ಕಾದಳು. ಅವಳ ಎದುರಿಗಿದ್ದದ್ದು ನೆಟ್ಟಗೆ ನಿಂತ ಗಂಡ, ಯಾವತ್ತಿನ ಮುಖ. ಅವಳು ಬಗ್ಗಿ ಚೀಲಗಳನ್ನು ಎತ್ತಿಕೊಂಡಳು. "ಹೋಗ್ತೀನಿ," ಎಂದಳು.

ತರಕಾರಿ ತರಲು ಹೊರಟರೂ, ಅಕ್ಕನ ಮನೆಗೆ ಹೊರಟರೂ, ಜಗಳ ಮಾಡಿಕೊಂಡು ಹೊರಟ ದಿನಗಳಲ್ಲೂ ಅವಳು ಬರ್ತೀನಿ ಎಂದೇ ಹೇಳುತ್ತಿದ್ದವಳು. ಎಲ್ಲರೂ ಹಾಗೇ ಹೇಳುತ್ತಾರೆ, ಹೊರಡುವವರು ಬರುವ ಮಾತಾಡುತ್ತಾರೆ. ಅವನು ಬರಿಗಾಲಿನಲ್ಲಿ ಹಿಂದೆಯೇ ಹೊರಗೆ ಬಂದ. ಅವಳು ಆಗಲೇ ಅರ್ಧ ಮಹಡಿ ಇಳಿದಿದ್ದಳು. "ಬರ್ತೀನಿ ಅಂತ ಹೇಳಿ ಹೋಗು," ಎಂದ. ದನಿ ಒಡೆದಿತ್ತು. ಅವಳು ತಿರುವಿನಲ್ಲಿ ನಿಂತು ತಲೆಯೆತ್ತಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ.

"ಈಗ ಹೇಳಿದ್ರೆ ಸುಳ್ಳಾಗುತ್ತೆ," ಎಂದಳು. ಭಾರದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಇಳಿದು ಹೋದಳು. ಕೆಳಗಿನ ಬಾಗಿಲು ತೆರೆದದ್ದು, ಬೀದಿಯ ಸದ್ದು ಒಂದಿಷ್ಟು ಒಳಬಂದದ್ದು, ಬಾಗಿಲು ಮುಚ್ಚಿದ್ದು ಕೇಳಿಸಿತು.

ಅವನು ಮೆಟ್ಟಿಲ ಮೇಲೆ ಕುಳಿತ. ಕುಳಿತನೋ ಕುಸಿದನೋ, ಈಗ ಬಿಗಿಹಿಡಿಯಲು ಕಾರಣವಿರಲಿಲ್ಲ, ನೋಡುವವರೂ ಇರಲಿಲ್ಲ. ಅಳು ಬಂತು. ಅದು ಅವನಿಗೆ ಪರಿಚಯವೇ ಇಲ್ಲದ ಸದ್ದು ಮಾಡುತ್ತ ಬಂತು, ಯಾವ ರಾಕ್ಷಸನಿಗೂ ಅವನು ಕೊಟ್ಟಿರದ ಸದ್ದು. ಸ್ವಲ್ಪ ಹೊತ್ತಿಗೇ ಮೇಲಿನ ಮನೆಯವನು ಕೆಲಸದಿಂದ ಬಂದು, ಎರಡೂ ಕೈಯಲ್ಲಿ ಸಾಮಾನು ಹಿಡಿದುಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಎದುರಾದರೆ ತಲೆಯಾಡಿಸುವುದನ್ನು ಬಿಟ್ಟರೆ ಇಬ್ಬರ ನಡುವೆ ಮಾತಿನ ಪರಿಚಯವೂ ಇರಲಿಲ್ಲ. ಬರಿಗಾಲಿನಲ್ಲಿ ಗೋಡೆಗೆ ಒರಗಿದ ಇವನನ್ನು ನೋಡಿ ಗಾಬರಿಯಾದ.

"ಏನ್ ಸಾರ್, ಬಿದ್ರಾ? ಪೆಟ್ಟಾಯ್ತಾ?"

"ಇಲ್ಲ," ಎಂದ ಅವನು, ಮುಖ ಒರೆಸಿಕೊಳ್ಳದೆ. "ಈಗ ಚೀಲ ಹಿಡ್ಕೊಂಡು ಹೋದಳಲ್ಲ, ಅವಳು ನನ್ನ ಹೆಂಡತಿ."

"ಗೊತ್ತು ಸಾರ್," ಎಂದ ಮೇಲಿನ ಮನೆಯವನು.